ಪರಮಾಣು ಮಾದರಿ: ಚಾರ್ಟ್ ಜೊತೆಗೆ ಗೋಲಿಯನ್ನೂ ಉರುಳಿಸಿ

ಹಾಸನ, ಚಿಕ್ಕಮಗಳೂರು ಕಡೆ ಶಾಲೆಗಳಲ್ಲಿ ವಿಜ್ಞಾನ ಮೇಳ ಬಂತೆಂದರೆ ಡಾಲ್ಟನ್, ಥಾಮ್ಸನ್, ರುದರ್‌ಫೋರ್ಡ್, ಬೋರ್ ಮಾದರಿಗಳ ಚಾರ್ಟ್ ಗೋಡೆಗೇರುತ್ತದೆ. ಒಂದು ಮಾದರಿ ಬಿಟ್ಟು ಇನ್ನೊಂದನ್ನು ಯಾಕೆ ಹಿಡಿದರು ಎಂಬುದು ಮಕ್ಕಳಿಗೆ ತಿಳಿಯಬೇಕಾದ ಮುಖ್ಯ ಸಂಗತಿ. ಅದು ಚಿತ್ರದಲ್ಲಿ ಸಿಗದು.

ಥಾಮ್ಸನ್ 1897ರಲ್ಲಿ ಪರಮಾಣುವಿನೊಳಗಿನ ಋಣ ಆವೇಶದ ಕಣವಾದ ಎಲೆಕ್ಟ್ರಾನ್ ಕಂಡುಹಿಡಿದ ಮೇಲೆ, ಪರಮಾಣು ಒಡೆಯಲಾಗದ ಗುಂಡು ಎಂಬ ಡಾಲ್ಟನ್ ಮಾತು ನಿಲ್ಲಲಿಲ್ಲ. ಧನ ಆವೇಶ ಇಡೀ ಗೋಳದಲ್ಲಿ ಹರಡಿದೆ, ಎಲೆಕ್ಟ್ರಾನ್‌ಗಳು ಅದರೊಳಗೆ ಹುದುಗಿವೆ ಎಂದರು ಥಾಮ್ಸನ್. ಹಾಗಿದ್ದರೆ ಆಲ್ಫಾ ಕಣಗಳು (ವಿಕಿರಣಶೀಲ ವಸ್ತುವಿನಿಂದ ಚಿಮ್ಮುವ ಧನ ಆವೇಶದ ಕಣಗಳು) ಪರಮಾಣುವನ್ನು ಹಾಯುವಾಗ ಅಲ್ಪಸ್ವಲ್ಪ ಓರೆಯಾಗಬೇಕಷ್ಟೆ. ಆದರೆ 1909ರಲ್ಲಿ ಗೈಗರ್ ಮತ್ತು ಮಾರ್ಸ್ಡನ್ ಅವನ್ನು ಪ್ಲಾಟಿನಂ ಮೇಲೆ ಹಾಯಿಸಿದಾಗ ಸುಮಾರು 8,000ಕ್ಕೆ ಒಂದು ಕಣ ಹಿಂದಕ್ಕೇ ಬಂತು. 1911ರಲ್ಲಿ ರುದರ್‌ಫೋರ್ಡ್ ಪರಮಾಣುವಿನ ನಡುವೆ ಆವೇಶ ಒತ್ತಾಗಿ ಸೇರಿದ ಪುಟ್ಟ ನ್ಯೂಕ್ಲಿಯಸ್ ಇದೆ ಎಂದದ್ದು ಇದರಿಂದಲೇ.

ಕಣ್ಣಿಗೆ ಕಾಣದ್ದನ್ನು ಹೀಗೆ ಅಳೆಯುವುದನ್ನು ನೆಲದ ಮೇಲೆ ಮಾಡಿ ತೋರಿಸಬಹುದು. ಒಂದೇ ಅಳತೆಯ 7 ಗೋಲಿ, 60 ಸೆಂ.ಮೀ. ಅಗಲದ ಪ್ಲೈವುಡ್, ನಾಲ್ಕು ಇಟ್ಟಿಗೆ, ಉದ್ದಕ್ಕೆ ಸೀಳಿದ ಒಂದಡಿ ಪಿವಿಸಿ ಪೈಪು ಸಾಕು. ಆರು ಗೋಲಿಗಳನ್ನು ಜೇಡಿಮಣ್ಣಿನಿಂದ ನೆಲಕ್ಕೆ ಕೂರಿಸಿ. ಒಂದರ ಹಿಂದೆ ಒಂದು ಮರೆಯಾಗಬಾರದು. ಅಡ್ಡಗಲದಲ್ಲಿ 4 ಸೆಂ.ಮೀ.ಗಿಂತ ಹೆಚ್ಚು ಅಂತರವಿರಲಿ, ಅಂಚಿನಿಂದ ಕನಿಷ್ಠ 3 ಸೆಂ.ಮೀ. ಒಳಕ್ಕಿರಲಿ. ಇಟ್ಟಿಗೆಗಳನ್ನು ದಾರಿಗೆ ಅಡ್ಡವಾಗದಂತೆ ಹೊರಗಿನ ಮೂಲೆಗಳಲ್ಲಿಟ್ಟು ಮೇಲೆ ಪ್ಲೈವುಡ್ ಮುಚ್ಚಿ.

ಏಳನೆಯ ಗೋಲಿಯನ್ನು ಪೈಪಿನ ಇಳಿಜಾರಿನಿಂದ ಪ್ರತಿ ಸಲ ಅದೇ ಎತ್ತರದಿಂದ, ನೇರವಾಗಿ ಬಿಡಿ. 200 ಸಲ. ಬಡಿದ ಸದ್ದು ಕೇಳಿದರೆ ಒಂದು ಗೀಟು. ಎರಡು ಗೋಲಿಗೆ ತಾಗಿದರೂ ಒಂದೇ. ಅಗಲವನ್ನು ಬಡಿತದ ಸಂಖ್ಯೆಯಿಂದ ಗುಣಿಸಿ, 2 × 6 × 200ರಿಂದ ಭಾಗಿಸಿದರೆ ಗೋಲಿಯ ವ್ಯಾಸ. 64 ಬಡಿತವಾದರೆ 1.6 ಸೆಂ.ಮೀ. ಆಮೇಲೆ ಗೋಲಿಯನ್ನು ಸ್ಕೇಲಿನಲ್ಲಿ ಅಳೆದು ತಾಳೆ ನೋಡಿ. ಭಾಜಕದಲ್ಲಿ 2 ಯಾಕೆ? ಎರಡೂ ಗೋಲಿಗಳಿಗೆ ದಪ್ಪವಿದೆ. ಕೂತ ಗೋಲಿಯ ಕೇಂದ್ರದಿಂದ ಎಡಕ್ಕೊಂದು, ಬಲಕ್ಕೊಂದು ವ್ಯಾಸದಷ್ಟು ಜಾಗದಲ್ಲಿ ಉರುಳುವ ಗೋಲಿಯ ಕೇಂದ್ರ ಎಲ್ಲಿ ಬಂದರೂ ತಾಗುತ್ತದೆ.

ಲೆಕ್ಕ ಕೆಡುವುದು ಹೆಚ್ಚಾಗಿ ಗುರಿ ಇಟ್ಟು ಬಿಡುವುದರಿಂದ. ಒಮ್ಮೆ ಸದ್ದು ಕೇಳಿದ ಜಾಗಕ್ಕೇ ಮಕ್ಕಳ ಕೈ ಮತ್ತೆ ಹೋಗುತ್ತದೆ, ಉತ್ತರ ದೊಡ್ಡದಾಗುತ್ತದೆ. ಪ್ಲೈವುಡ್ಡಿನ ಅಂಚಿನಲ್ಲಿ ಸೆಂ.ಮೀ.ಗೊಂದರಂತೆ ಗುರುತು ಹಾಕಿ, 1ರಿಂದ 60ರವರೆಗೆ ಚೀಟಿ ಬರೆದು ಎತ್ತಿಸಿ, ಬಂದ ಅಂಕಿಯ ಗುರುತಿನಿಂದಲೇ ಬಿಡಿಸಿ, ಚೀಟಿಯನ್ನು ಡಬ್ಬಿಗೆ ವಾಪಸ್ ಹಾಕಿ. ಕಾಫಿ ಒಣಗಿಸುವ ಕಣದಲ್ಲಿ ಮಾಡಬೇಡಿ. ನೀರು ಹರಿದುಹೋಗಲೆಂದು ಅದಕ್ಕೆ ವಾಟ ಕೊಟ್ಟಿರುತ್ತಾರೆ, ಗೋಲಿ ಸೊಟ್ಟ ಓಡುತ್ತದೆ. ರೆಡ್ ಆಕ್ಸೈಡ್ ನೆಲದ ಹಜಾರ ಒಳ್ಳೆಯದು.

ಒಂದು ವ್ಯತ್ಯಾಸವನ್ನು ನೋಡುವವರಿಗೆ ಹೇಳಲೇಬೇಕು: ಇಲ್ಲಿ ಗೋಲಿ ಗೋಲಿಗೆ ತಾಗುತ್ತದೆ, ಅಲ್ಲಿ ಆಲ್ಫಾ ಕಣವನ್ನು ನ್ಯೂಕ್ಲಿಯಸ್ಸಿನ ಧನ ಆವೇಶ ದೂರದಿಂದಲೇ ತಳ್ಳುತ್ತದೆ.

ಚಾರ್ಟ್ ಬರೆಯುವುದಾದರೆ ಪ್ರತಿ ಮಾದರಿಯ ಕೆಳಗೆ ಅದು ಎಲ್ಲಿ ಸೋತಿತೆಂದು ಒಂದು ಸಾಲು ಬರೆಸಿ. ರುದರ್‌ಫೋರ್ಡ್ ಮಾದರಿಯಲ್ಲಿ ಸುತ್ತುವ ಎಲೆಕ್ಟ್ರಾನ್ ಶಕ್ತಿ ಕಳೆದುಕೊಂಡು ಒಳಗೆ ಬೀಳಬೇಕಿತ್ತು. ಬೋರ್ 1913ರಲ್ಲಿ ನಿಗದಿತ ಕಕ್ಷೆಗಳನ್ನು ಹೇಳಿದರು. ಹೈಡ್ರೋಜನ್‌ಗೆ ಸರಿಹೋಯಿತು, ಹೀಲಿಯಂಗೆ ಹೋಗಲಿಲ್ಲ. ಶ್ರೋಡಿಂಗರ್ ಅವರ 1926ರ ಸಮೀಕರಣದ ನಂತರ ಕಕ್ಷೆಯ ಗೆರೆಯೇ ಹೋಯಿತು, ಎಲೆಕ್ಟ್ರಾನ್ ಸಿಗುವ ಸಂಭವನೀಯತೆ ಉಳಿಯಿತು. ಅದನ್ನು ಗೆರೆ ಎಳೆಯದೆ, ಪೆನ್ಸಿಲ್ ಚುಕ್ಕೆಗಳಿಂದಲೇ ಬಿಡಿಸಿ: ಹೈಡ್ರೋಜನ್‌ನಲ್ಲಿ ನ್ಯೂಕ್ಲಿಯಸ್ ಹತ್ತಿರ ದಟ್ಟವಾಗಿ, ದೂರಕ್ಕೆ ವಿರಳವಾಗಿ.