ಸಿಎಚ್‌ಒ ಬಂದಾಯ್ತು, ಇನ್ನು ಅವರ ಕೆಲಸ ಬೆಳೆಸುವುದು ಹೇಗೆ?

ತೀರ್ಥಹಳ್ಳಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಹನ್ನೊಂದು ವರ್ಷದಿಂದ ವೈದ್ಯಾಧಿಕಾರಿ. ನಮ್ಮ ವ್ಯಾಪ್ತಿಯ ಮೂರು ಉಪಕೇಂದ್ರಗಳಲ್ಲಿ ಈಗ ಸಮುದಾಯ ಆರೋಗ್ಯ ಅಧಿಕಾರಿಗಳು, ಅಂದರೆ ಸಿಎಚ್‌ಒಗಳು ಇದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ವೈದ್ಯರು ಸಿಕ್ಕಾಗೆಲ್ಲ ಕೇಳುತ್ತಾರೆ: "ಸಾರ್, ಇವರಿಗೆ ಏನು ಕೆಲಸ ಕೊಡೋದು?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮೂವರೂ ನರ್ಸಿಂಗ್ ಓದಿ, ಆರು ತಿಂಗಳ ಸಮುದಾಯ ಆರೋಗ್ಯ ತರಬೇತಿ ಮುಗಿಸಿ ಬಂದವರು. 2018ರಲ್ಲಿ ಆಯುಷ್ಮಾನ್ ಭಾರತ್ ಶುರುವಾದ ಮೇಲೆ ಹುಟ್ಟಿದ ಹುದ್ದೆ ಇದು. ಗುಡ್ಡಗಾಡಿನಲ್ಲಿ 3000 ಜನಕ್ಕೆ ಒಂದು ಉಪಕೇಂದ್ರ ಅಂತ ಲೆಕ್ಕ. ಕೇಳೋಕೆ ಕಡಿಮೆ ಅನ್ನಿಸುತ್ತೆ. ಆದರೆ ನಮ್ಮಲ್ಲಿ ಎಲ್ಲ ಒಂಟಿ ಮನೆಗಳು. ಒಂದು ತೋಟ, ಒಂದು ಹಳ್ಳ ದಾಟಿದ ಮೇಲೆ ಇನ್ನೊಂದು ಮನೆ. ಅಲ್ಲಿಂದ ನನ್ನ ಹತ್ತಿರ ಬರಬೇಕಾದರೆ ಒಂದು ದಿನದ ಕೂಲಿ ಹೋಗುತ್ತೆ. ಸಿಎಚ್‌ಒ ಸುಮ್ನೆ ರಿಜಿಸ್ಟರ್ ತುಂಬಿಸುತ್ತಾ ಕೂತರೆ ನಷ್ಟ ಆಗೋದು ಊರಿಗೆ.

ಮೊದಲು ಒಂದು ಹಾಳೆ ತಗೊಳ್ಳಿ. ಮೂರು ಭಾಗ ಮಾಡಿ. ಅವರೇ ನೋಡಿ ಮುಗಿಸುವುದು, ನಮಗೆ ಫೋನ್ ಮಾಡಿ ಮುಂದುವರಿಯುವುದು, ಒಂದು ನಿಮಿಷವೂ ಕಾಯದೆ ಕಳಿಸುವುದು. ಒಬ್ಬರೇ ಬರೆದು ಕೈಗೆ ಕೊಡಬೇಡಿ, ಅವರ ಜೊತೆ ಕೂತು ಬರೆಯಿರಿ. ಇಲಾಖೆಯ ಮಾರ್ಗಸೂಚಿ ಮುಂದಿರಲಿ, ಅದನ್ನು ಮೀರಬೇಡಿ. ಬಿಪಿ ಮಾತ್ರೆ ಶುರು ಮಾಡುವುದು ನಮ್ಮ ಕೆಲಸ. ತಿಂಗಳು ತಿಂಗಳು ನೋಡಿ ಅದನ್ನು ಮುಂದುವರಿಸುವುದು ಅವರ ಕೆಲಸ. 180/110 ದಾಟಿದರೆ ಕೂಡಲೇ ಫೋನ್. ಜೊತೆಗೆ ಎದೆನೋವು, ಉಸಿರಾಟದ ತೊಂದರೆ ಇದ್ದರೆ ನೇರ 108. ಹಾವು ಕಚ್ಚಿದ್ದರೆ ಕಟ್ಟು ಬಿಗಿಯೋದು, ಕೊಯ್ಯೋದು ಏನೂ ಬೇಡ. ಕೈಕಾಲು ಅಲುಗದಂತೆ ಮಾಡಿ ಕಳಿಸಬೇಕು.

ನಮ್ಮ ಹಾಳೆಯಲ್ಲಿ ಅತಿ ಜಾಸ್ತಿ ಜಾಗ ಹಿಡಿದಿರುವುದು ಜ್ವರ. ಅದಕ್ಕೆ ಕಾರಣ ಇದೆ. ಸಿಎಚ್‌ಒಗಳು (ನಾವು ಸಿಸ್ಟರ್ ಅನ್ನುತ್ತೇವೆ) ಬಂದ ಮೊದಲ ವರ್ಷ, ಫೆಬ್ರವರಿಯಲ್ಲಿ, ಜ್ವರ ಅಂತ ಬಂದ ಒಬ್ಬರಿಗೆ ನಮ್ಮ ಸಿಸ್ಟರ್ ಮಾತ್ರೆ ಕೊಟ್ಟು ಮೂರು ದಿನ ಬಿಟ್ಟು ಬನ್ನಿ ಅಂದಿದ್ದರು. ನಾಲ್ಕನೇ ದಿನ ಅವರನ್ನು ಜೀಪಿನಲ್ಲಿ ಮಲಗಿಸಿಕೊಂಡು ಬಂದರು. ಕಣ್ಣು ಕೆಂಪಾಗಿತ್ತು, ವಸಡಿನಲ್ಲಿ ರಕ್ತ. ಮಂಗನ ಕಾಯಿಲೆ, ಅಂದರೆ ಕಾಡಿನ ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿ ಬರುವ ಜ್ವರ; ಮಂಗಗಳೂ ಇದರಿಂದ ಸಾಯುತ್ತವೆ. ಪುಣ್ಯಕ್ಕೆ ಉಳಿದರು. ಸಿಸ್ಟರ್ ಬಯಲುಸೀಮೆಯವರು. ಈ ಕಾಯಿಲೆಯ ಒಬ್ಬ ರೋಗಿಯನ್ನೂ ಅವರು ಅದುವರೆಗೆ ಕಂಡಿರಲಿಲ್ಲ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಮೊದಲು ಪತ್ತೆಯಾದ ಕಾಯಿಲೆ. ಹೇಳಿಕೊಡಬೇಕಾಗಿದ್ದು ನಾನು. ಹೇಳಿರಲಿಲ್ಲ.

ಈಗ ಡಿಸೆಂಬರ್‌ನಿಂದ ಮೇವರೆಗೆ ಯಾರೇ ಜ್ವರ ಅಂತ ಬಂದರೂ ಸಿಸ್ಟರ್ ಮೊದಲು ಕೇಳೋದು ಇದನ್ನೇ: ಕಾಡಿಗೆ ಹೋಗಿದ್ರಾ? ಕೊಟ್ಟಿಗೆಗೆ ದರಗು, ಒಣಎಲೆ ತಂದ್ರಾ? ಹತ್ತಿರದಲ್ಲಿ ಮಂಗ ಸತ್ತಿತ್ತಾ? ಮೈಮೇಲೆ ಉಣುಗು ಹತ್ತಿತ್ತಾ? ಒಂದಕ್ಕೆ ಹೌದು ಅಂದರೂ ಅವತ್ತೇ ನನಗೆ ಫೋನ್, ಅವತ್ತೇ ರಕ್ತ ಪರೀಕ್ಷೆಗೆ. ಮೈಕೈ ನೋವು ಅಂತ ಡೈಕ್ಲೋಫೆನಾಕ್ ಕೊಡುವಂತಿಲ್ಲ, ರಕ್ತಸ್ರಾವ ಜಾಸ್ತಿಯಾಗಬಹುದು. ಪ್ಯಾರಸಿಟಮಾಲ್ ಮಾತ್ರ. ನಿಮ್ಮ ಊರಿನ ಜ್ವರ ಬೇರೆ ಇರಬಹುದು. ಆ ಊರಿಗೆ ಬೇಕಾದ ಪ್ರಶ್ನೆಗಳನ್ನು ನೀವೇ ಬರೆದುಕೊಳ್ಳಿ.

ಹಾಳೆ ಆದಮೇಲೆ ವಾರಕ್ಕೊಮ್ಮೆ ಒಂದು ಗಂಟೆ ಜೊತೆಗೆ ಕೂರಿ. ಗುರುವಾರ ಲಸಿಕೆ ದಿನ, ಅವತ್ತು ಬೇಡ. ನಾನು ಶನಿವಾರ ಕೂರುತ್ತೇನೆ. ಆ ವಾರ ನೋಡಿದ ಐದು ರೋಗಿಗಳ ವಿಷಯ ಅವರು ಹೇಳಬೇಕು, ನಾನು ಕೇಳಬೇಕು. "ಯಾಕೆ ಹೀಗೆ ಮಾಡಿದ್ರಿ?" ಅಂತ ಗದರಿದರೆ ಮುಂದಿನ ವಾರ ಸುಲಭದ ಐದನ್ನೇ ಆರಿಸಿಕೊಂಡು ಬರುತ್ತಾರೆ. ತಿಂಗಳ 9ಕ್ಕೆ ಗರ್ಭಿಣಿಯರ ತಪಾಸಣೆ ಇರುತ್ತಲ್ಲ, ಅವತ್ತು ಅವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಹೊಟ್ಟೆ ಮುಟ್ಟಿ ನೋಡುವುದನ್ನು ಪುಸ್ತಕದಿಂದ ಕಲಿಯೋಕಾಗಲ್ಲ.

ಹಾಗೆ ಕೂತಾಗಲೇ ನಾನೂ ಕಲಿತೆ. ಒಬ್ಬ ಅಜ್ಜಿಯ ಬಿಪಿ ಎಷ್ಟು ದಿನವಾದರೂ ಇಳಿದಿರಲಿಲ್ಲ. ಮಾತ್ರೆ ಜಾಸ್ತಿ ಮಾಡೋಣ ಅಂತ ನಾನು ಬರೆಯುವವನಿದ್ದೆ. ಸಿಸ್ಟರ್ ತಡೆದರು. "ಸಾರ್, ಅವರ ಮನೆಗೆ ಹೋಗಿದ್ದೆ. ಕಪಾಟಿನಲ್ಲಿ ಸ್ಟ್ರಿಪ್ ನೋಡಿದೆ, ಒಂದು ಬಿಟ್ಟು ಒಂದು ದಿನ ತಗೋತಿದ್ದಾರೆ. ಕೇಳಿದ್ರೆ, ದಿನಾ ತಿಂದ್ರೆ ಬೇಗ ಖಾಲಿಯಾಗುತ್ತೆ ಅಲ್ವಾ ಮಗಾ ಅಂದ್ರು." ಅವತ್ತಿನಿಂದ ಎಲ್ಲ ಉಪಕೇಂದ್ರದಲ್ಲೂ ಖಾಲಿ ಸ್ಟ್ರಿಪ್ ತಂದು ತೋರಿಸಿ ಹೊಸದು ತಗೊಂಡು ಹೋಗೋದು ರೂಢಿಯಾಗಿದೆ. ಜೊತೆಗೆ ಸಿಸ್ಟರ್ ಕಾಲು ಒತ್ತಿ ನೋಡುತ್ತಾರೆ. ಆಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆಗೆ ಕೆಲವರಿಗೆ ಪಾದ ಊದುತ್ತೆ, ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ.

ವೈದ್ಯರಲ್ಲದವರ ಕೆಲಸ ಬೆಳೆಸುವುದು ಬೇರೆ ಕಡೆಯೂ ಇದೆ. ಇಂಗ್ಲೆಂಡಿನಲ್ಲಿ ಅನುಭವಿ ನರ್ಸ್, ಫಾರ್ಮಸಿಸ್ಟ್, ಪ್ಯಾರಾಮೆಡಿಕ್‌ಗಳನ್ನು ಸ್ನಾತಕೋತ್ತರ ಮಟ್ಟಕ್ಕೆ ಓದಿಸಿ 'ಅಡ್ವಾನ್ಸ್ಡ್ ಕ್ಲಿನಿಕಲ್ ಪ್ರಾಕ್ಟೀಷನರ್', ಅಂದರೆ ರೋಗಿಯನ್ನು ತಾವೇ ನೋಡಿ ತೀರ್ಮಾನ ಮಾಡಬಲ್ಲವರನ್ನಾಗಿ ಮಾಡುತ್ತಾರೆ. 2017ರಲ್ಲಿ ಅದಕ್ಕೊಂದು ಚೌಕಟ್ಟು ಬಂತು. ಅದರಲ್ಲಿ ನಾಲ್ಕು ಕಂಬ: ರೋಗಿ ನೋಡುವುದು, ಮುಂದಾಳುತನ, ಕಲಿಸುವುದು, ಸಂಶೋಧನೆ. ನಮ್ಮ ಆರು ತಿಂಗಳ ತರಬೇತಿಗೂ ಅದಕ್ಕೂ ಹೋಲಿಕೆ ಬೇಡ. ಆದರೆ ರೋಗಿ ನೋಡುವುದೊಂದೇ ಸಾಲದು ಅನ್ನುವ ಮಾತು ನನಗೆ ಹಿಡಿಸಿತು. ಆಶಾ ಅಕ್ಕಂದಿರ ಸಭೆಯನ್ನು ಈಗ ಸಿಎಚ್‌ಒಗಳೇ ನಡೆಸುತ್ತಾರೆ, ಬಿಪಿ ಸರಿಯಾಗಿ ನೋಡುವುದನ್ನು ಅವರೇ ಕಲಿಸುತ್ತಾರೆ. ಎಷ್ಟು ಜನರ ಬಿಪಿ ಹತೋಟಿಗೆ ಬಂತು ಅಂತ ಅವರೇ ಲೆಕ್ಕ ಹಾಕಿ ನನ್ನ ಮುಂದಿಡುತ್ತಾರೆ.

ಜನ ನಂಬಬೇಕಲ್ಲ, ಅದು ನಿಮ್ಮ ಕೈಯಲ್ಲಿದೆ. "ಡಾಕ್ಟ್ರು ನೋಡಿದ್ರೇ ಸಮಾಧಾನ" ಅನ್ನುವವರ ಎದುರಿಗೇ ಸಿಸ್ಟರ್‌ಗೆ ಫೋನ್ ಮಾಡಿ, "ಇವರು ಮುಂದಿನ ತಿಂಗಳು ನಿಮ್ಮಲ್ಲಿಗೆ ಬರ್ತಾರೆ" ಅನ್ನಿ. ಅವರು ಅಲ್ಲಿಗೆ ಹೋದಾಗ ಮಾತ್ರೆ ಇರಲೇಬೇಕು. ಒಮ್ಮೆ ಬರಿಗೈಲಿ ವಾಪಸ್ ಬಂದವರು ಮತ್ತೆ ಆ ಕಡೆ ಹೋಗಲ್ಲ. ಮಳೆ ಹಿಡಿದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಸರ್ಕಾರದ ಇ-ಸಂಜೀವಿನಿ ಆನ್‌ಲೈನ್ ಸೇವೆಯಲ್ಲಿ ದೂರದ ವೈದ್ಯರನ್ನು ಕೇಳೋಣ ಅಂದರೂ ಆಗಲ್ಲ. ಅದಕ್ಕೇ ಮೇ ಕೊನೆಯೊಳಗೆ ಮೂರೂ ಉಪಕೇಂದ್ರಕ್ಕೆ ಆಗಸ್ಟ್‌ವರೆಗಿನ ಬಿಪಿ, ಶುಗರ್ ಮಾತ್ರೆ ತಲುಪಿಸಿ, ಆ ಹಾಳೆಯನ್ನು ಮತ್ತೊಮ್ಮೆ ಜೊತೆಗೆ ಕೂತು ಓದುತ್ತೇವೆ.