ಎಚ್-1ಬಿ ನವೀಕರಣ: ಮೊದಲು ಐ-94, ಆಮೇಲೆ ಸ್ಟಾಂಪಿಂಗ್

ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಅಮೆರಿಕದಲ್ಲಿ ದುಡಿಯುವ ನಮ್ಮವರು ‘ವೀಸಾ ರಿನ್ಯೂ ಮಾಡಿಸಬೇಕು’ ಎನ್ನುವಾಗ ಆ ಮಾತಿನೊಳಗೆ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡಿರುತ್ತವೆ. ಆ ದೇಶದಲ್ಲಿದ್ದು ಕೆಲಸ ಮಾಡುವ ಅವಧಿಯನ್ನು ವಿಸ್ತರಿಸಿಕೊಳ್ಳುವುದು ಒಂದು. ಅದರ ಕೊನೆಯ ದಿನ ಐ-94 ದಾಖಲೆಯಲ್ಲಿರುತ್ತದೆ. ಪಾಸ್‌ಪೋರ್ಟಿನ ಪುಟಕ್ಕೆ ಅಂಟಿಸುವ ವೀಸಾ, ಅಂದರೆ ಸ್ಟಾಂಪಿಂಗ್, ಇನ್ನೊಂದು; ಇದು ಬೇಕಾಗುವುದು ಹೊರಗಿನಿಂದ ಒಳಗೆ ಬರುವಾಗ ಮಾತ್ರ. ಸ್ಟಾಂಪಿನ ದಿನಾಂಕ ದಾಟಿದ್ದರೂ ಐ-94 ಚಾಲ್ತಿಯಲ್ಲಿದ್ದರೆ ಅಲ್ಲಿಯೇ ಇದ್ದು ಕೆಲಸ ಮುಂದುವರಿಸಲು ಅಡ್ಡಿಯಿಲ್ಲ. 2025ರಲ್ಲಿ ಬಂದ ಬದಲಾವಣೆಗಳಲ್ಲಿ ನವೀಕರಣಕ್ಕೆ ಹೆಚ್ಚು ತೊಡಕಾಗಿರುವವು ಸ್ಟಾಂಪಿಂಗಿಗೆ ಸಂಬಂಧಿಸಿದವು. ಆದ್ದರಿಂದ ಮೊದಲನೆಯ ಕೆಲಸವನ್ನು ಪೂರ್ತಿ ಮುಗಿಸಿಕೊಂಡೇ ಎರಡನೆಯದಕ್ಕೆ ಕೈಹಾಕುವುದು ಕ್ಷೇಮ.

ವಿಸ್ತರಣೆಗಾಗಿ ಐ-129 ಅರ್ಜಿಯನ್ನು ಸಲ್ಲಿಸಬೇಕಾದವರು ಕಂಪನಿಯವರು, ನೀವೇ ಸಲ್ಲಿಸುವಂತಿಲ್ಲ. ಅವಧಿ ಮುಗಿಯುವ 6 ತಿಂಗಳಿಗಿಂತ ಮೊದಲು ಅದನ್ನು ತೆಗೆದುಕೊಳ್ಳುವುದಿಲ್ಲ, ಮತ್ತು ಅದಕ್ಕೂ ಮುನ್ನ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ (ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಕಂಪನಿ ಕೊಡುವ ಹೇಳಿಕೆಯ ದೃಢೀಕರಣ) ಪಡೆಯಲು ಸಾಮಾನ್ಯವಾಗಿ 7 ಕೆಲಸದ ದಿನಗಳು ಹಿಡಿಯುತ್ತವೆ. ಹಾಗಾಗಿ ಏಳೆಂಟು ತಿಂಗಳು ಬಾಕಿಯಿರುವಾಗಲೇ ಕಂಪನಿಯ ವಕೀಲರಿಗೆ ನೆನಪಿಸಿ, ಸಂಬಳದ ಚೀಟಿ, ವರ್ಷದ ಸಂಬಳ-ತೆರಿಗೆ ವಿವರವಿರುವ ಡಬ್ಲ್ಯು-2, ಪದವಿ ಪತ್ರ ಮತ್ತು ಹಳೆಯ ಮಂಜೂರಾತಿ ಪತ್ರಗಳಾದ ಐ-797ಗಳನ್ನೆಲ್ಲ ಒಟ್ಟುಮಾಡಿಡಿ. ಕಂಪನಿಯೂ ಕೆಲಸವೂ ಮೊದಲಿನವೇ ಆಗಿದ್ದರೆ ಹಿಂದಿನ ಮಂಜೂರಾತಿಯನ್ನು ಅಧಿಕಾರಿಗಳು ಸಾಮಾನ್ಯವಾಗಿ ಮನ್ನಿಸಬೇಕೆಂಬುದು 2025ರ ಜನವರಿ 17ರಿಂದ ನಿಯಮವಾಗಿಯೇ ಇದೆ. ಕೆಲಸವೋ ಕೆಲಸದ ಊರೋ ಬದಲಾಗಿದ್ದರೆ ಮಾತ್ರ ಅದನ್ನು ಮುಚ್ಚಿಡದೆ ವಕೀಲರಿಗೆ ಮೊದಲೇ ತಿಳಿಸಿ. ಐ-94 ಮುಗಿಯುವ ಮುನ್ನ ಅರ್ಜಿ ತಲುಪಿದ್ದರೆ, ತೀರ್ಮಾನ ಬಾರದಿದ್ದರೂ ಅದೇ ಕಂಪನಿಯಲ್ಲಿ 240 ದಿನಗಳವರೆಗೆ ಕೆಲಸ ಮಾಡಬಹುದು. ಆದರೂ 15 ಕೆಲಸದ ದಿನಗಳಲ್ಲಿ ಉತ್ತರ ಕೊಡುವ ಪ್ರೀಮಿಯಂ ಪ್ರೊಸೆಸಿಂಗ್‌ಗೆ ಹಣ ಕಟ್ಟುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಅನೇಕ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸಿನ ಅವಧಿಯೂ ಐ-94ರ ಕೊನೆಯ ದಿನಾಂಕಕ್ಕೆ ಕಟ್ಟುಬಿದ್ದಿರುತ್ತದೆ.

ಎಚ್-1ಬಿಯವರ ಕುಟುಂಬಕ್ಕೆ ಕೊಡುವ ಎಚ್-4ರಲ್ಲಿರುವ ಹೆಂಡತಿ ಅಥವಾ ಗಂಡ ಮತ್ತು ಮಕ್ಕಳ ಅವಧಿ ತಾನಾಗಿ ವಿಸ್ತರಣೆಯಾಗುವುದಿಲ್ಲ. ಅದಕ್ಕೆ ಐ-539 ಅರ್ಜಿ ಪ್ರತ್ಯೇಕವಾಗಿ ಹೋಗಬೇಕು. ಇಎಡಿ (ಕೆಲಸದ ಪರವಾನಗಿ) ಕಾರ್ಡಿನ ಮೇಲೆ ದುಡಿಯುತ್ತಿರುವವರಿಗೆ ಇದು ಇನ್ನಷ್ಟು ಮುಖ್ಯ. ನವೀಕರಣ ಬಾಕಿಯಿರುವಾಗ ಮೊದಲು ಸಿಗುತ್ತಿದ್ದ 540 ದಿನಗಳ ತಾನಾಗಿ ಮುಂದುವರಿಕೆ, 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ ಇಲ್ಲ. ಹೊಸ ಕಾರ್ಡ್ ಕೈಗೆ ಬರುವವರೆಗೆ ಕೆಲಸ ನಿಲ್ಲಿಸಬೇಕಾದೀತೆಂದು ಲೆಕ್ಕಹಾಕಿ, ಅವಕಾಶ ತೆರೆದ ದಿನವೇ ಅರ್ಜಿ ಹಾಕಿ.

ಇನ್ನು ಪಾಸ್‌ಪೋರ್ಟ್. ನನ್ನ ಐ-797ರಲ್ಲಿ ಮೂರು ವರ್ಷಗಳ ಅನುಮತಿಯಿತ್ತು, ಪಾಸ್‌ಪೋರ್ಟ್ ಮಾತ್ರ ಹದಿನಾಲ್ಕು ತಿಂಗಳಲ್ಲಿ ಮುಗಿಯುವುದರಲ್ಲಿತ್ತು. ಊರಿನಿಂದ ಮರಳಿದಾಗ ವಿಮಾನ ನಿಲ್ದಾಣದಲ್ಲಿ ಕೊಟ್ಟ ಐ-94ರಲ್ಲಿ ಪಾಸ್‌ಪೋರ್ಟ್ ಮುಗಿಯುವ ದಿನಾಂಕವೇ ಬಿದ್ದಿತ್ತು. ಅದನ್ನು ನಾನು ಗಮನಿಸಿದ್ದು ಹತ್ತು ತಿಂಗಳ ನಂತರ, ಲೈಸೆನ್ಸ್ ಕಚೇರಿಯ ಸಾಲಿನಲ್ಲಿ ನಿಂತಿದ್ದಾಗ! ಕಡೆಯದಾಗಿ ಕೊಟ್ಟ ಐ-94 ಯಾವುದೋ ಅದೇ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದರಿಂದ, ಮೂರು ವರ್ಷದ ಕಾಗದ ಕೈಯಲ್ಲಿದ್ದೂ ನಾನು ಮತ್ತೆ ಐ-129 ಹಾಕಿಸಬೇಕಾಯಿತು. ಪ್ರತಿ ಸಲ ಇಳಿದ ದಿನವೇ ಗಡಿ ಇಲಾಖೆಯ ಜಾಲತಾಣದಿಂದ ಐ-94 ಇಳಿಸಿಕೊಂಡು ದಿನಾಂಕ ನೋಡಿ. ಪಾಸ್‌ಪೋರ್ಟಿಗೆ ಒಂದು ವರ್ಷ ಉಳಿದಿರುವಾಗಲೇ ಹೊಸದು ಮಾಡಿಸಿ.

ಎಲ್ಲರನ್ನೂ ದಿಗಿಲುಗೊಳಿಸಿದ 1,00,000 ಡಾಲರ್ ಶುಲ್ಕ 2025ರ ಸೆಪ್ಟೆಂಬರ್ 21ರಿಂದ ಸಲ್ಲಿಸುವ ಹೊಸ ಅರ್ಜಿಗಳಿಗೆ ಸಂಬಂಧಿಸಿದ್ದು. ಅಮೆರಿಕದೊಳಗಿದ್ದು ವಿಸ್ತರಣೆ ಕೇಳುವವರಿಗೆ ಅದು ಅನ್ವಯಿಸುವುದಿಲ್ಲವೆಂದು ಅಕ್ಟೋಬರ್ 20ರಂದು ವಲಸೆ ಇಲಾಖೆ ಸ್ಪಷ್ಟಪಡಿಸಿತು. ಆದರೆ ಐ-94 ಮೀರಿಹೋಗಿದ್ದು ವಿಸ್ತರಣೆಗೇ ಅರ್ಹರಲ್ಲವೆಂದು ತೀರ್ಮಾನವಾದರೆ ಈ ರಕ್ಷಣೆ ತಪ್ಪುತ್ತದೆ. ಮೇಲಿನ ದಿನಾಂಕಗಳನ್ನು ನಾನು ಇಷ್ಟು ಒತ್ತಿಹೇಳುವುದು ಇದಕ್ಕಾಗಿಯೇ. ಅರ್ಜಿ ಬಾಕಿಯಿರುವಾಗ ವಕೀಲರನ್ನು ಕೇಳದೆ ಗಡಿ ದಾಟಲೂ ಬೇಡಿ.

ಮಂಜೂರಾತಿ ಕೈಸೇರಿದ ಮೇಲೆ ಸ್ಟಾಂಪಿಂಗ್. 2025ರ ಸೆಪ್ಟೆಂಬರ್ 2ರಿಂದ ಎಚ್-1ಬಿಯವರಿಗೆ ಡ್ರಾಪ್‌ಬಾಕ್ಸ್ (ಸಂದರ್ಶನವಿಲ್ಲದೆ ಕಾಗದಪತ್ರ ಮಾತ್ರ ಸಲ್ಲಿಸುವ ಸೌಲಭ್ಯ) ಇಲ್ಲ, ಸಂದರ್ಶನಕ್ಕೆ ಖುದ್ದಾಗಿ ಹೋಗಬೇಕು. ಅದೂ ಸ್ವಂತ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲಿ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಆಗ ವೀಸಾ ಸೇವೆ ಅದರೊಂದಿಗೆ ಬರಲಿಲ್ಲ. ಚೆನ್ನೈ, ಹೈದರಾಬಾದ್‌ಗಳ ಪ್ರಯಾಣವನ್ನೂ ರಜೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಪರಿಶೀಲನೆಯೂ ಆರಂಭವಾಗಿ, ಭಾರತದಲ್ಲಿ ಆ ತಿಂಗಳ ಸಂದರ್ಶನಗಳು ಅನೇಕರಿಗೆ ತಿಂಗಳುಗಟ್ಟಲೆ ಮುಂದೆ ಹೋದವು. ಕಳೆದ 5 ವರ್ಷಗಳಲ್ಲಿ ಬಳಸಿದ ಖಾತೆಗಳ ಹೆಸರನ್ನು ವೀಸಾ ಅರ್ಜಿಯಾದ ಡಿಎಸ್-160ರಲ್ಲಿ ಬಿಡದೆ ತುಂಬಿ, ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಮಾಡಿ, ಲಿಂಕ್ಡ್‌ಇನ್‌ನಲ್ಲಿರುವ ಹುದ್ದೆ ಐ-129ರಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ನೋಡಿ.

ತಂಗಿಯ ಮದುವೆಗೋ ಗೃಹಪ್ರವೇಶಕ್ಕೋ ಹೋಗುವಾಗ ಸ್ಟಾಂಪಿಂಗ್ ಕೂಡ ಮುಗಿಸಿಬಿಡೋಣ ಎಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. ಸಂದರ್ಶನ ಮುಂದೆ ಹೋದರೆ ಊರಿನಿಂದಲೇ ಎಷ್ಟು ವಾರ ಕೆಲಸ ಮಾಡಲು ಬಿಡುತ್ತಾರೆ, ಬಿಡದಿದ್ದರೆ ಸಂಬಳವಿಲ್ಲದ ರಜೆ ಎಷ್ಟು ದಿನ ಸಿಗುತ್ತದೆ ಎಂಬುದನ್ನು ಕಂಪನಿಯಿಂದ ಬರವಣಿಗೆಯಲ್ಲಿ ಪಡೆದ ಮೇಲೆಯೇ ಟಿಕೆಟ್ ತೆಗೆಯಿರಿ.