ಎಬಿಎಸ್ ಬೈಕಿಗೆ ಬೇರೆ ವೀಲ್ ಹಾಕಿಸೋರಿಗೆ

ಸಕಲೇಶಪುರ, ಮೂಡಿಗೆರೆ ಕಡೆ ಮಳೇಲಿ ಘಾಟಿ ಇಳಿಯೋರು ದಯವಿಟ್ಟು ಗಮನಿಸಿ. ಹೊಸ ವೀಲ್‌ಗೆ ಕಂಪನಿ ಸೆನ್ಸರ್ ರಿಂಗನ್ನೇ (ಸ್ಪೀಡ್ ಅಳೆಯೋಕೆ ಚಕ್ರದ ಜೊತೆ ತಿರುಗೋ ಹಲ್ಲಿನ ಬಳೆ) ಹಾಕಿಸಿ. ಹಲ್ಲಿನ ಲೆಕ್ಕ ಬದಲಾದ್ರೆ ಎಬಿಎಸ್‌ಗೆ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಚಕ್ರದ ಸ್ಪೀಡ್ ತಪ್ಪಾಗಿ ಹೋಗುತ್ತೆ. ಸೆನ್ಸರ್‌ಗೂ ರಿಂಗ್‌ಗೂ ಇರೋ ಗ್ಯಾಪನ್ನ ಫೀಲರ್ ಗೇಜಲ್ಲಿ (ಸಣ್ಣ ಸಂದು ಅಳೆಯೋ ತೆಳು ಪಟ್ಟಿಗಳು) ಅಳೆದು ಮ್ಯಾನುಯಲ್ ಜೊತೆ ತಾಳೆ ನೋಡಿ. ಚಕ್ರ ತಿರುಗಿಸ್ತಾ ನಾಲ್ಕು ಕಡೆ ಅಳೀರಿ, ಒಂದೇ ಕಡೆ ನೋಡಿದ್ರೆ ರಿಂಗ್ ಸೊಟ್ಟ ಇರೋದು ಗೊತ್ತಾಗಲ್ಲ.

ಬೇರಿಂಗ್ ನಂಬರ್ 6302 ಇದ್ರೆ ಅದನ್ನೇ, ಎರಡೂ ಕಡೆ ರಬ್ಬರ್ ಸೀಲ್ ಇರೋದು ತಗೊಳ್ಳಿ. ಬೇರಿಂಗಿನ ಹೊರಗಿನ ರೇಸ್ (ಹೊರ ಬಳೆ) ಅಗಲದ ಸಾಕೆಟ್ ಇಟ್ಟು ಕೂರಿಸಬೇಕು. ಒಳ ರೇಸಿಗೆ ಸುತ್ತಿಗೆ ಏಟು ಬಿದ್ರೆ ಗುಂಡು ಓಡೋ ದಾರೀಲಿ ಕಚ್ಚು ಬೀಳುತ್ತೆ, ಆ ಬೇರಿಂಗ್ ಮುಗೀತು. ಮುಖ್ಯವಾದದ್ದು ಎರಡು ಬೇರಿಂಗ್ ಮಧ್ಯದ ಸ್ಪೇಸರ್ ಕೊಳವೆ: ಅದು ಗಿಡ್ಡ ಇದ್ರೆ ಆಕ್ಸಲ್ ಬಿಗಿ ಮಾಡಿದಾಗ ಚಕ್ರ ಹಿಡಿದ ಹಾಗೆ ತಿರುಗುತ್ತೆ. ಬಿಗಿ ಮಾಡಿದ ಮೇಲೂ ಕೈಯಲ್ಲಿ ಸಲೀಸಾಗಿ ತಿರುಗ್ಬೇಕು. ಗಾಡಿ ಓಡಿಸಿದ ಮೇಲೂ ಎಬಿಎಸ್ ಲೈಟ್ ಆರದಿದ್ರೆ ಘಾಟಿಗೆ ಇಳೀಬೇಡಿ.